ಕುಲುಮೆಯಲ್ಲಿ ಮೊದಲ ಕತ್ತಿಗಳು: ಕಣ್ಣು ಪಳಗಬೇಕಾದ ಕೆಲಸ

ಮಲೆನಾಡಿನ ಒಂದು ಕುಲುಮೆಯಲ್ಲಿ ಅಡುಗೆಮನೆಗೂ ತೋಟಕ್ಕೂ ಬೇಕಾದ ಕತ್ತಿಗಳನ್ನು ಬಡಿಯುವುದು ನನ್ನ ಕೆಲಸ. ಕಲಿಯಲು ಬರುವವರು ಬಹುಪಾಲು ಮೊದಲು ವಿಚಾರಿಸುವುದು ಸುತ್ತಿಗೆಯ ತೂಕವನ್ನು. ಒಂದು ಕಿಲೋ ಆಸುಪಾಸಿನದು ಧಾರಾಳವಾಗಿ ಸಾಕು. ಆರಂಭದ ಅಲಗುಗಳು ಕೆಡುವುದು ತೋಳಿನ ಬಲ ಸಾಲದೆ ಅಲ್ಲ. ಕಾದ ಉಕ್ಕಿನ ಬಣ್ಣವನ್ನು ಗುರುತಿಸುವಷ್ಟು ಕಣ್ಣು ಪಳಗಿರದ ಕಾರಣದಿಂದ.

ಉಕ್ಕಿನ ಆಯ್ಕೆಯ ಮಾತನ್ನು ಬೇಗ ಮುಗಿಸಬಹುದು. ಕಟ್ಟಡದ ಸರಳಿನಲ್ಲಿ ಇಂಗಾಲವು ಸಾಮಾನ್ಯವಾಗಿ ಶೇಕಡಾ 0.3ಕ್ಕಿಂತ ಕಡಿಮೆ ಇರುವುದರಿಂದ ಅದರಿಂದ ಕತ್ತಿಯ ಆಕಾರ ಬರುತ್ತದೆಯೇ ಹೊರತು ಬಾಳುವ ಹರಿತ ಬರುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಅದು ಶೇಕಡಾ 0.5ರಿಂದ 0.6ರಷ್ಟಿದ್ದು, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಸತುವಿನ ಲೇಪವಿರುವ ಯಾವುದನ್ನೂ ಬೆಂಕಿಗೆ ಹಾಕಬಾರದು, ಅದರ ಹೊಗೆ ವಿಷ.

ಬಡಿಯಲು ತಕ್ಕ ಬಣ್ಣ ಕಿತ್ತಳೆಯಿಂದ ಹಳದಿಯ ಅಂಚಿನವರೆಗಿನದು, ಅಂದರೆ ಸುಮಾರು 950ರಿಂದ 1100 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಹೋಗಿ ಬಿಳಿ ಕಿಡಿಗಳು ಸಿಡಿಯತೊಡಗಿದರೆ ಉಕ್ಕು ಸುಟ್ಟಿತೆಂದೇ ಅರ್ಥ. ಆ ತುದಿಯನ್ನು ಕತ್ತರಿಸಿ ಎಸೆಯುವುದಲ್ಲದೆ ಬೇರೆ ದಾರಿಯಿಲ್ಲ. ಬಣ್ಣ ಮಂಕು ಕೆಂಪಿಗೆ ಇಳಿದ ಮೇಲೂ 'ಇನ್ನೆರಡು ಏಟು' ಎಂದು ಬಡಿಯುವುದೇ ಆರಂಭಿಕರ ದೊಡ್ಡ ಚಟ. ಆಗ ಬೀಳುವ ಕೂದಲೆಳೆಯ ಬಿರುಕು ಅಡಿಗಲ್ಲಿನ ಮೇಲೆ ಕಾಣಿಸದೆ, ಹದ ಹಾಕುವಾಗ, ಅಂದರೆ ಅಲಗನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿಗೊಳಿಸುವಾಗ, ಬಾಯಿ ಬಿಡುತ್ತದೆ. ಹಳೆಯ ಕುಲುಮೆಗಳು ಏಕೆ ಅಷ್ಟು ಕತ್ತಲಾಗಿರುತ್ತವೆ ಎಂಬುದು ಬಿಸಿಲಿನಲ್ಲಿ ಕೆಲಸ ಮಾಡಲು ಹೊರಟವರಿಗೆ ಬೇಗ ತಿಳಿಯುತ್ತದೆ: ನೆರಳಿನಲ್ಲಿ ಕಿತ್ತಳೆಯಾಗಿ ಕಾಣುವ ಉಕ್ಕು ಅಲ್ಲಿ ಬರಿಯ ಕೆಂಪಾಗಿ ಕಾಣುತ್ತದೆ, ಇನ್ನಷ್ಟು ತಿದಿ ಒತ್ತುವ ಮನಸ್ಸಾಗುತ್ತದೆ.

ಅಲಗಿನ ಒಂದು ಅಂಚನ್ನು ತೆಳುವಾಗಿಸುತ್ತ ಹೋದಂತೆ ಆ ಬದಿ ಉದ್ದವಾಗುತ್ತದೆ. ಪರಿಣಾಮವಾಗಿ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಇದನ್ನು ಮೊದಲೇ ಊಹಿಸಿ, ಪಟ್ಟಿಯನ್ನು ಬಾಯಿಯ, ಅಂದರೆ ಹರಿತದ ಅಂಚಿನ, ಕಡೆಗೆ ತುಸು ಬಗ್ಗಿಸಿಟ್ಟುಕೊಂಡರೆ ಬಡಿದು ಮುಗಿಯುವ ಹೊತ್ತಿಗೆ ಅದು ತಾನಾಗಿ ನೇರವಾಗುತ್ತದೆ. ಹರಿತವನ್ನು ಸುತ್ತಿಗೆಯಿಂದಲೇ ತರುವ ಆಸೆಯೂ ಬೇಡ. ಹದಕ್ಕೆ ಮುನ್ನ ಬಾಯಿ ಒಂದೂವರೆ ಮಿಲಿಮೀಟರಿನಷ್ಟಾದರೂ ದಪ್ಪವಿರಲಿ, ಇಲ್ಲವಾದರೆ ಎಣ್ಣೆಗೆ ಇಳಿಸಿದೊಡನೆ ಅದು ಹಪ್ಪಳದಂತೆ ತಿರುಚಿಕೊಳ್ಳುತ್ತದೆ.

ಹದ ಹಾಕುವಾಗ ಕಣ್ಣಿನ ಜೊತೆಗೆ ಅಯಸ್ಕಾಂತವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಬಣ್ಣ ಒಂದು ಛಾಯೆಯಷ್ಟು ಮೇಲೇರಿದ ಮೇಲೆ, ಕೈಬಿಸಿಗಿಂತ ಸ್ವಲ್ಪ ಹೆಚ್ಚಾಗಿ ಬೆಚ್ಚಗಿರುವ ಕಡಲೆಕಾಯಿ ಎಣ್ಣೆಗೆ ಅಲಗನ್ನು ನೇರವಾಗಿ ಇಳಿಸಬೇಕು. ಪಕ್ಕಕ್ಕೆ ಅಲುಗಿಸಿದರೆ ಒಂದು ಮೈ ಬೇಗ ತಣಿದು ಸೊಟ್ಟಗಾಗುತ್ತದೆ. ನೀರು ಈ ಉಕ್ಕಿಗೆ ಒಗ್ಗುವುದಿಲ್ಲ, ತೆಳ್ಳನೆಯ ಅಲಗು ಸೀಳುವ ಸಂಭವವೇ ಹೆಚ್ಚು. ಎಣ್ಣೆಯ ಪಾತ್ರೆ ಲೋಹದ್ದಾಗಿರಲಿ, ಬೆಂಕಿ ಹೊತ್ತಿದರೆ ಮುಚ್ಚಲು ಮುಚ್ಚಳವೂ ಕೈಗೆಟಕುವಂತಿರಲಿ. ತಣಿದ ಬಾಯಿಯ ಮೇಲೆ ಅರ ಜಾರಿದರೆ ಹದ ಹಿಡಿದಿದೆ, ಕಚ್ಚಿದರೆ ಹಿಡಿದಿಲ್ಲ.

ಹಾಗೆಯೇ ಬಿಟ್ಟರೆ ಅದು ಗಾಜಿನಷ್ಟು ಪೆಡಸು. ಆದ್ದರಿಂದ ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಮತ್ತೆ ಕಾಯಿಸಬೇಕು. ಈಗ ನೋಡಬೇಕಾದದ್ದು ಕಾದ ಉಕ್ಕಿನ ಹೊಳಪನ್ನಲ್ಲ, ಉಜ್ಜಿದ ಮೈಮೇಲೆ ಮೂಡುವ ತೆಳು ಬಣ್ಣವನ್ನು. ಬಾಯಿಗೆ ಒಣಹುಲ್ಲಿನ ಹಳದಿ ಬಂದಾಗ, ಅಂದರೆ 220 ಡಿಗ್ರಿಯ ಸುಮಾರಿಗೆ, ತರಕಾರಿ ಹೆಚ್ಚುವ ಕತ್ತಿಯನ್ನು ತೆಗೆದುಬಿಡುತ್ತೇನೆ. ಕೊಂಬೆ ಕಡಿಯುವ ಕತ್ತಿಯನ್ನು ನೇರಳೆ ಬಣ್ಣದವರೆಗೆ, 280ರ ಆಸುಪಾಸಿಗೆ, ಬಿಡುತ್ತೇನೆ. ಸಾಣೆಯಾದ ಮೇಲೆ ಬಾಯಿಯನ್ನು ಹಿತ್ತಾಳೆಯ ಕಡ್ಡಿಗೆ ಹದವಾಗಿ ಒತ್ತಿ ನೋಡಿದಾಗ ಅದು ಮಣಿದು ಹಿಂದಿರುಗಿದರೆ ಹಿಡಿ ಕೂರಿಸಬಹುದು. ಚೂರೆದ್ದರೆ ಮತ್ತೆ ಸಾಣೆ ಹಿಡಿದು, ಇನ್ನೊಂದು ಬಣ್ಣ ಮುಂದಕ್ಕೆ ಕಾಯಿಸಬೇಕು. ಮಣಿದದ್ದು ಮಣಿದಂತೆಯೇ ಉಳಿದರೆ ಅಯಸ್ಕಾಂತದ ಹಂತದಿಂದ ಮತ್ತೆ ಆರಂಭಿಸಬೇಕು.