ಒಣ ಕಸದ ಚೀಲಕ್ಕೆ ಕೈ ಹಾಕೋರು ಒಬ್ರಿರ್ತಾರೆ

ಸೂಜಿ ಚುಚ್ಚಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇರ್ಬೇಕು. ಆಗಷ್ಟೇ ಒಣ ಕಸದ ಆಟೋ ಬಂದು ಲೋಡ್ ಇಳಿಸಿ ಹೋಗಿತ್ತು, ನಾನು ಟೇಬಲ್ ಹತ್ರ ತೂಕದ ಪುಸ್ತಕ ಬರೀತಿದ್ದೆ, ಶೆಡ್ಡಿನ ಆ ಕಡೆಯಿಂದ ದೊಡ್ಡಮ್ಮ "ಅಯ್ಯೋ" ಅಂದ್ರು, ಜೋರಾಗೇನಲ್ಲ, ಆಮೇಲೆ ಸುಮ್ನೆ ಕೈ ನೋಡ್ಕೊಂಡು ಕೂತ್ರು. ಬಲಗೈ ಹೆಬ್ಬೆರಳಲ್ಲಿ ಒಂದು ಚುಕ್ಕೆ ರಕ್ತ. ಎದುರಿಗೆ ಒಂದು ಬಿಸ್ಕತ್ ಪ್ಯಾಕೆಟ್ಟು, ಬಾಯಿ ನೀಟಾಗಿ ಮಡಿಚಿ ರಬ್ಬರ್ ಬ್ಯಾಂಡ್ ಹಾಕಿದ್ರು, ಅದರೊಳಗೆ ಇನ್ಸುಲಿನ್ ಸೂಜಿಗಳು.

ನಾನು ಬೆಂಗಳೂರಲ್ಲಿ ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಸೂಪರ್‌ವೈಸರ್. 2017ರಲ್ಲಿ ಬಿಕಾಂ ಮುಗಿಸಿ ಲೆಕ್ಕ ಬರೆಯೋಕೆ ಅಂತ ಸೇರಿದೋನು, ಆಮೇಲೆ ಇಲ್ಲೇ ಉಳ್ಕೊಂಡೆ. ಮನೆಗಳಿಂದ ಬರೋ ಪೇಪರ್ರು, ರಟ್ಟು, ಪ್ಲಾಸ್ಟಿಕ್ಕು, ಗಾಜು, ಕಬ್ಬಿಣ ಎಲ್ಲಾ ನಮ್ಮ ಶೆಡ್ಡಿಗೆ ಬರುತ್ತೆ, ಅದನ್ನ ಕೈಯಲ್ಲೇ ಬೇರೆ ಬೇರೆ ಮಾಡಿ, ಒತ್ತಿ ಬೇಲ್ ಅಂದ್ರೆ ದೊಡ್ಡ ಕಟ್ಟು ಕಟ್ಟಿ, ಮುಂದಕ್ಕೆ ಮಾರ್ತೀವಿ. ಬೇರೆ ಮಾಡೋರು ಎಂಟು ಜನ, ಅದರಲ್ಲಿ ಏಳು ಜನ ಹೆಂಗಸರು. ದೊಡ್ಡಮ್ಮ ಅವರಲ್ಲಿ ಹಿರಿಯರು, ಈ ಶೆಡ್ಡಿಗೆ ಬರೋಕ್ ಮುಂಚೆ ಇಪ್ಪತ್ತು ವರ್ಷ ಬೀದಿ ಬೀದಿ ಸುತ್ತಿ ಆಯ್ದೋರು. ಎಲ್ರೂ ಅವರನ್ನ ದೊಡ್ಡಮ್ಮ ಅಂತಾನೇ ಕರೆಯೋದು, ನಾನೂ ಅಷ್ಟೇ.

ಅವತ್ತು ಕೈಯನ್ನ ಸೋಪು ಹಾಕಿ ನಲ್ಲಿ ಕೆಳಗೆ ತುಂಬಾ ಹೊತ್ತು ತೊಳೆಸಿ, ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಯಾರಿಗೆ ಹಾಕಿದ ಸೂಜಿ ಅಂತ ಗೊತ್ತಿಲ್ದೆ ಇರೋದ್ರಿಂದ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆ, ಎಚ್‌ಐವಿ ಬರದೇ ಇರೋ ಹಾಗೆ ಮಾತ್ರೆ ಅಂತ ಡಾಕ್ಟರ್ ಹೇಳಿದ್ರು. ಆ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕಂತೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನ ಬಿಡದೆ ನುಂಗ್ಬೇಕು. ಇದು ನಂಗೆ ಅವತ್ತಿನವರೆಗೂ ಗೊತ್ತಿರ್ಲಿಲ್ಲ, ದಿನಾ ಎಂಟು ಜನ ಕಸಕ್ಕೆ ಕೈ ಹಾಕೋ ಜಾಗದಲ್ಲಿ ಕೂತಿದ್ದೂ ಗೊತ್ತಿರ್ಲಿಲ್ಲ. ಮಾತ್ರೆ ತಗೊಂಡಷ್ಟೂ ದಿನ ದೊಡ್ಡಮ್ಮಂಗೆ ಊಟ ಸೇರ್ತಿರ್ಲಿಲ್ಲ, ಹೊಟ್ಟೆ ತೊಳೆಸೋದು. ಮೂರು ತಿಂಗಳಾದ್ಮೇಲೆ ಮತ್ತೆ ಟೆಸ್ಟ್ ಮಾಡಿ ಏನೂ ಇಲ್ಲ ಅಂದಾಗ್ಲೇ ನಂಗೆ ಸರಿಯಾಗಿ ನಿದ್ದೆ ಬಂದಿದ್ದು.

ಆಸ್ಪತ್ರೆಯಿಂದ ವಾಪಸ್ ಬರ್ತಾ ನಾನು ಅವರ ಮೇಲೆ ರೇಗಿದ್ದೆ. ಗ್ಲೌಸ್ ಕೊಟ್ಟಿದೀವಲ್ಲ ದೊಡ್ಡಮ್ಮ, ಎಡಗೈಗೆ ಮಾತ್ರ ಯಾಕೆ ಹಾಕ್ಕೊಂಡಿದ್ರಿ, ಬಲಗೈದು ಯಾಕೆ ಬಿಚ್ಚಿದ್ರಿ ಅಂತ. ಅವ್ರು ಅಂದಿದ್ದು ಒಂದೇ ಮಾತು, "ಗ್ಲೌಸ್ ಹಾಕ್ಕೊಂಡ್ರೆ ಕವರ್ ಮಾತಾಡಲ್ಲ ಕಣಪ್ಪ."

ಮಾರನೇ ದಿನ ಅವರು ರಜೆ, ಅವರ ಜಾಗದಲ್ಲಿ ನಾನೇ ಕೂತೆ. ಅವಾಗ ಅರ್ಥ ಆಯ್ತು. ನೀವು ಮನೇಲಿ ಪ್ಲಾಸ್ಟಿಕ್ ಕವರ್ ಅಂತ ಒಂದೇ ಹೆಸರು ಹೇಳ್ತೀರಲ್ಲ, ನಮ್ಮಲ್ಲಿ ಅದು ಏನಿಲ್ಲಾಂದ್ರೂ ನಾಲ್ಕು ಥರ. ಒಂದೊಂದು ಜಾತಿ ಪ್ಲಾಸ್ಟಿಕ್ಕಿಗೂ ನಮ್ಮಲ್ಲಿ ಒಂದೊಂದು ಗಿಡ್ಡ ಹೆಸರು. ಹಾಲಿನ ಕವರ್ ಎಲ್‌ಡಿ, ಮೆತ್ತಗಿರುತ್ತೆ, ಎಳೆದ್ರೆ ಹಿಗ್ಗುತ್ತೆ. ತರಕಾರಿ ಅಂಗಡಿಯವ್ರು ಕೊಡ್ತಿದ್ದ ತೆಳ್ಳಗಿನ ಕವರ್ ಎಚ್‌ಎಂ, ಬೆರಳಲ್ಲಿ ಉಜ್ಜಿದ್ರೆ ಚರಚರ ಅಂತ ಸದ್ದು ಬರುತ್ತೆ. ಹೊಸ ಶರ್ಟು ಸುತ್ತಿ ಬರೋ ಪಳಪಳ ಹೊಳೆಯೋ ಕವರ್ ಪಿಪಿ, ಹಿಗ್ಗಲ್ಲ, ಸಿಗಿದ್ರೆ ಉದ್ದಕ್ಕೆ ಸೀಳ್ಕೊಂಡು ಹೋಗುತ್ತೆ. ಚಿಪ್ಸ್ ಪ್ಯಾಕೆಟ್ಟು ಇದ್ಯಾವ್ದೂ ಅಲ್ಲ, ಪ್ಲಾಸ್ಟಿಕ್ ಮೇಲೆ ಬೆಳ್ಳಿ ಬಣ್ಣದ ಪದರ ಅಂಟಿಸಿರೋದು, ಪದರ ಬಿಡಿಸೋಕಾಗಲ್ಲ, ಹಾಗಾಗಿ ಕರಗಿಸಿ ಬೇರೆ ಪ್ಲಾಸ್ಟಿಕ್ ಮಾಡೋಕೂ ಆಗಲ್ಲ, ಅದು ಸಿಮೆಂಟ್ ಫ್ಯಾಕ್ಟರಿಗೆ ಉರಿಸೋಕೆ ಹೋಗೋ ಮಾಲು. ಇವೆಲ್ಲಾ ಒಂದಕ್ಕೊಂದು ಬೆರೆತ್ರೆ ಇಡೀ ಬೇಲ್ ವಾಪಸ್ ಬರುತ್ತೆ. ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳೋ ನಂಬರ್ ಎಷ್ಟೋ ಕವರ್ ಮೇಲೆ ಇರಲ್ಲ, ಇದ್ರೂ ಓದ್ತಾ ಕೂತ್ಕೊಳೋಕೆ ಟೈಮಿಲ್ಲ, ಬೆರಳಿಗೆ ಸಿಕ್ಕ ತಕ್ಷಣ ಸದ್ದಲ್ಲಿ ಮತ್ತೆ ಮುಟ್ಟಿದ ಮೃದುವಲ್ಲಿ ಗೊತ್ತಾಗ್ಬೇಕು. ದಪ್ಪ ಗ್ಲೌಸ್ ಹಾಕ್ಕೊಂಡು ನಾನು ಒಂದು ಗಂಟೇಲಿ ಮಾಡಿದ್ದು ದೊಡ್ಡಮ್ಮನ ಹತ್ತು ನಿಮಿಷದ ಕೆಲಸ, ಅದರಲ್ಲೂ ಅರ್ಧ ತಪ್ಪು.

ಅಂದ್ರೆ ಆ ಚೀಲಕ್ಕೆ ಬರಿಗೈ ಹೋಗೇ ಹೋಗುತ್ತೆ. ಈಗ ಅವ್ರಿಗೆ ಬೇರೆ ಥರದ ತೆಳು ಗ್ಲೌಸ್ ತರಿಸ್ತೀವಿ, ಅಂಗೈ ಕಡೆ ಕೊಯ್ಯದ ಹಾಗಿರುತ್ತೆ, ಆದ್ರೂ ಬೆರಳ ತುದಿ ಬಿಚ್ಚಿಟ್ಕೊಂಡೇ ಕೆಲಸ ಮಾಡೋರಿದ್ದಾರೆ, ನಾನು ಈಗ ರೇಗಲ್ಲ. ಸೂಜಿ ಚುಚ್ಚಬಾರ್ದು ಅಂದ್ರೆ ಸೂಜಿ ಆ ಚೀಲದೊಳಗೆ ಬರ್ಲೇಬಾರ್ದು, ಬೇರೆ ದಾರಿ ಇಲ್ಲ.

ಇದಕ್ ಮುಂಚೆ ನಾನು ಮನೆಗಳಿಗೆ ಹೇಳ್ತಿದ್ದ ರೀತಿನೇ ಬೇರೆ. ನಮ್ಮಲ್ಲಿ ಒಂದು ಕರಪತ್ರ ಇತ್ತು, ಒಂದ್ಕಡೆ ಹಸಿ ಕಸದ ಪಟ್ಟಿ, ಒಂದ್ಕಡೆ ಒಣ ಕಸದ ಪಟ್ಟಿ, ಕೆಳಗೆ ಸ್ಯಾನಿಟರಿ, ಎಲ್ಲಾ ಸೇರಿ ನಲವತ್ತು ಐಟಂ ಇತ್ತೇನೋ. ಮನೆ ಮನೆಗೆ ಕೊಟ್ಟಿದೀನಿ, ಮರುವಾರ ಅದೇ ಕರಪತ್ರ ಒಣ ಕಸದ ಚೀಲದಲ್ಲಿ ನಮ್ಮ ಶೆಡ್ಡಿಗೇ ವಾಪಸ್ ಬಂದಿದೆ. ಜನಕ್ಕೆ ಮನಸ್ಸಿಲ್ಲ ಅಂತಲ್ಲ. ಹೈಕೋರ್ಟು 2015ರ ಡಿಸೆಂಬರಲ್ಲಿ ಎರಡು ಬುಟ್ಟಿ ಒಂದು ಚೀಲ ಅಂತ ಆದೇಶ ಮಾಡಿದಾಗಿಂದ ನಮ್ಮೂರಲ್ಲಿ ಎಲ್ರ ಮನೇಲೂ ಹಸಿರು ಬುಟ್ಟಿ ಇದೆ, ಹಸಿದು ಹಸಿರಿಗೆ, ಪ್ಯಾಡು ಡೈಪರು ಕೆಂಪಿಗೆ, ಒಣಗಿದ್ದು ಚೀಲಕ್ಕೆ ಅಂತ ಬಾಯಿಪಾಠ ಇದೆ. ಎಡವೋದು ಎಲ್ಲಿ ಅಂದ್ರೆ, ಒಣ ಕಸ ಅಂದ್ರೆ ಪ್ಲಾಸ್ಟಿಕ್ಕು ಅಂತ ತಿಳ್ಕೊಂಡಿರೋದು. ಹಾಗಾಗಿ ಮೊಸರು ಅರ್ಧ ಇರೋ ಡಬ್ಬ, ಸಾರು ಮೆತ್ತಿದ ಪಾರ್ಸಲ್ ಕವರು, ಎಣ್ಣೆ ಸೋರ್ತಿರೋ ಪ್ಯಾಕೆಟ್ಟು ಎಲ್ಲಾ ಚೀಲಕ್ಕೇ, ಪ್ಲಾಸ್ಟಿಕ್ ತಾನೇ ಅಂತ. ಚೀಲ ಒಂದೆರಡು ದಿನ ಬಾಲ್ಕನೀಲಿ ಇರುತ್ತೆ, ಆಮೇಲೆ ಆಟೋದಲ್ಲಿ ನೂರು ಮನೆ ಚೀಲದ ಜೊತೆ ಒತ್ಕೊಂಡು ಬರುತ್ತೆ, ಅಷ್ಟೊತ್ತಿಗೆ ಆ ಸಾರು ಅಕ್ಕಪಕ್ಕದ ಪೇಪರಿಗೆಲ್ಲಾ ಇಳಿದಿರುತ್ತೆ. ಎಣ್ಣೆ ಹಿಡಿದ ಪೇಪರು ಮಿಲ್ಲಲ್ಲಿ ಬೇಡ, ನಾರಿಂದ ಎಣ್ಣೆ ಬಿಡಿಸೋಕಾಗಲ್ಲ. ಒಂದು ಮನೆಯ ಸಾರು ಹತ್ತು ಮನೆಯವ್ರು ಜೋಪಾನವಾಗಿ ಮಡಿಚಿಟ್ಟ ಪೇಪರನ್ನ ರಿಜೆಕ್ಟ್ ಮಾಡ್ಸುತ್ತೆ, ಇದನ್ನ ನೋಡಿದಾಗ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಸೂಜಿ ಆದ್ಮೇಲೆ ಕರಪತ್ರ ಬಿಟ್ಟೆ. ಆಟೋ ಜೊತೆ ನಾನೇ ಹೋಗೋಕೆ ಶುರು ಮಾಡ್ದೆ, ಬಾಗಿಲಿಗೆ ಬಂದೋರಿಗೆ ಒಂದೇ ಮಾತು ಕೇಳೋದು, ಅಕ್ಕಾ, ಈ ಚೀಲಕ್ಕೆ ನೀವು ಕಣ್ಮುಚ್ಕೊಂಡು ಕೈ ಹಾಕ್ತೀರಾ? ನಮ್ಮ ಶೆಡ್ಡಲ್ಲಿ ಒಬ್ರು ಹಾಕ್ತಾರೆ, ಅವ್ರಿಗೆ ಅರವತ್ತು ವರ್ಷ. ಇಷ್ಟೇ. ಕೆಲವರು ಅಲ್ಲೇ ಚೀಲ ವಾಪಸ್ ತಗೊಂಡು ಒಳಗೆ ಹೋಗಿ ಏನೋ ತೆಗೆದಿಟ್ಟು ಬಂದ್ರು. ಏನು ತೆಗೆದ್ರು ಅಂತ ನಾನು ಕೇಳ್ಲಿಲ್ಲ. ಪಟ್ಟಿ ಹೇಳ್ದಾಗ ಒಂದು ವರ್ಷದಲ್ಲಿ ಆಗ್ದೇ ಇದ್ದಿದ್ದು ಆ ಒಂದು ಪ್ರಶ್ನೆಗೆ ಎರಡು ಮೂರು ತಿಂಗಳಲ್ಲಿ ಕಣ್ಣಿಗೆ ಕಾಣೋ ಹಾಗೆ ಬದಲಾಯ್ತು, ಗಾಜಿನ ಚೂರನ್ನ ಪೇಪರಲ್ಲಿ ಸುತ್ತಿ ಬೇರೆ ಕೊಡೋರು ಜಾಸ್ತಿ ಆದ್ರು, ಡೈಪರ್ ಬರೋದು ತುಂಬಾ ಕಮ್ಮಿ ಆಯ್ತು. ಇವತ್ತಿಗೂ ಪೂರ್ತಿ ನಿಂತಿಲ್ಲ ಅನ್ನೋದೂ ನಿಜ.

ಹಾಲಿನ ಕವರ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಎಲ್ರ ಮನೇಲೂ ದಿನಾ ಬೆಳಿಗ್ಗೆ ಬರೋದು ಅದೇ. ಕತ್ತರಿಸುವಾಗ ಮೂಲೆ ಪೂರ್ತಿ ತುಂಡು ಮಾಡ್ಬೇಡಿ, ಒಂದ್ಕಡೆ ಅಂಟ್ಕೊಂಡೇ ಇರ್ಲಿ, ಆ ಉಗುರಿನಷ್ಟು ತುಂಡು ನಮಗೆ ಯಾವತ್ತೂ ಸಿಗಲ್ಲ, ಸಿಂಕಿಗೋ ಹಸಿ ಕಸಕ್ಕೋ ಹೋಗಿ ಕೊನೆಗೆ ಗೊಬ್ಬರದಲ್ಲಿ ಸೇರುತ್ತೆ. ಕವರ್ ಒಳಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ ಗಿಡಕ್ಕೆ ಹಾಕಿ, ತಿರುಗಿಸಿ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, ಮಧ್ಯಾಹ್ನಕ್ಕೆಲ್ಲಾ ಒಣಗಿರುತ್ತೆ. 2024ರ ಬೇಸಿಗೇಲಿ ನೀರಿಗೆ ಅಷ್ಟು ಪರದಾಟ ಇದ್ದಾಗ ಒಬ್ರು ಆಂಟಿ ಕೇಳಿದ್ರು, ಕುಡಿಯೋಕೇ ಟ್ಯಾಂಕರ್ ತರ್ಸ್ತಿದೀವಿ, ಕವರ್ ತೊಳೀಬೇಕೇನಪ್ಪಾ ಅಂತ. ಅವ್ರ ಮಾತು ನ್ಯಾಯವಾದದ್ದೇ. ನಾನು ಹೇಳಿದ್ದು, ಹೊಸ ನೀರು ಬೇಡ ಆಂಟಿ, ಅಕ್ಕಿ ತೊಳೆದ ನೀರಿರುತ್ತಲ್ಲ ಅದರಲ್ಲೇ ಒಂದ್ಸಲ ಅದ್ದಿ ತೆಗೀರಿ, ನಮಗೆ ಪಳಪಳ ಹೊಳೀಬೇಕಿಲ್ಲ, ಹಾಲು ಹುಳಿಯಾಗಿ ಹುಳ ಬೀಳದೇ ಇದ್ರೆ ಸಾಕು. ಒಣಗಿದ ಕವರಿಗೆ ಒಂದು ರೇಟು, ಗಬ್ಬು ವಾಸನೆದಕ್ಕೆ ಇನ್ನೊಂದು ರೇಟು, ಮಳೆಗಾಲದಲ್ಲಿ ಎಷ್ಟೋ ಸಲ ಬೇಡ್ವೇ ಬೇಡ ಅಂತಾರೆ. ಆ ವ್ಯತ್ಯಾಸ ಹೋಗೋದು ಎಂಟು ಜನದ ಕೂಲಿಗೇ.

ಹಸಿ ಕಸ ನನ್ನ ಕೆಲಸ ಅಲ್ಲ, ಅದು ದಿನಾ ಬೇರೆ ಆಟೋದಲ್ಲಿ ಹೋಗುತ್ತೆ, ಆದ್ರೆ ಗೊಬ್ಬರದ ಘಟಕದಲ್ಲಿ ಕೆಲಸ ಮಾಡೋ ಒಬ್ಬ ಗೆಳೆಯ ಇದ್ದಾನೆ. ಅವನ ಗೋಳು ನಮ್ಮದಕ್ಕೆ ಉಲ್ಟಾ, ಹಸಿ ಕಸವನ್ನ ಕವರಲ್ಲಿ ಗಂಟು ಹಾಕಿ ಕೊಡೋದು. ಬುಟ್ಟಿ ಗಲೀಜಾಗ್ಬಾರ್ದು ಅಂತ ಕವರ್ ಹಾಕ್ತಾರೆ, ಅದು ಮಷಿನಲ್ಲಿ ಚೂರು ಚೂರಾಗಿ, ಜರಡಿ ಹಿಡಿದ್ರೂ ಪೂರ್ತಿ ಹೋಗ್ದೆ, ಗೊಬ್ಬರದಲ್ಲಿ ಬಣ್ಣ ಬಣ್ಣದ ಚೂರು. ಒಂದ್ಸಲ ಅಂಥ ಗೊಬ್ಬರ ಹಾಕಿಸ್ಕೊಂಡ ರೈತ ಎರಡನೇ ಸಲ ಕೇಳಲ್ಲ. ಬುಟ್ಟಿ ತಳಕ್ಕೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಕಿದ್ರೆ ಸಾಕು, ಅದು ಕೊಳೆಯುತ್ತೆ. ಎಳನೀರು ಬುರುಡೆ, ತೆಂಗಿನ ಚಿಪ್ಪು ಅಷ್ಟು ಬೇಗ ಕೊಳೆಯಲ್ಲ, ಬೇರೆ ಕೊಡಿ. ಆಯುಧಪೂಜೆ ಮುಗಿದ ಮಾರನೇ ದಿನ ಬಾಳೆಕಂದು, ಬೂದುಗುಂಬಳ, ಹೂವಿನ ಹಾರ ರಾಶಿ ರಾಶಿ ಬರುತ್ತಲ್ಲ, ಹಾರದೊಳಗಿನ ಪ್ಲಾಸ್ಟಿಕ್ ದಾರ, ಬಣ್ಣದ ಮಿಂಚು ಕಿತ್ತು ಹಾಕಿ ಕೊಟ್ರೆ ಅಷ್ಟೂ ಚಿನ್ನದಂಥ ಗೊಬ್ಬರ. ದೀಪಾವಳಿಲಿ ಪಟಾಕಿ ಬಾಕ್ಸು ನಮಗೆ ಕೊಡಿ, ಸುಟ್ಟ ಪಟಾಕಿ ಪೇಪರು ಹಸಿಗೂ ಬೇಡ ಒಣದಕ್ಕೂ ಬೇಡ, ಮದ್ದು ಇರುತ್ತೆ ಅದರಲ್ಲಿ. ಹಾಳಾದ ಪವರ್ ಬ್ಯಾಂಕು, ಮೊಬೈಲ್ ಬ್ಯಾಟರಿ, ಬ್ಯಾಟರಿ ಇರೋ ಆಟದ ಸಾಮಾನು ದಯವಿಟ್ಟು ಚೀಲದಲ್ಲಿ ಬಚ್ಚಿಟ್ಟು ಕಳಿಸ್ಬೇಡಿ, ಇ-ವೇಸ್ಟ್ ಅಂತ ಹೇಳಿ ಕೈಗೆ ಕೊಡಿ, ಬೇಲಿಂಗ್ ಮಷಿನ್ ಒತ್ತಿದಾಗ ಅದು ಬೆಂಕಿ ಹತ್ಕೊಳ್ಬಹುದು, ಸುತ್ತ ಇರೋದೆಲ್ಲಾ ಪೇಪರು.

ಇಷ್ಟೆಲ್ಲಾ ಮಾಡಿ ಏನು, ಕೊನೆಗೆ ಎಲ್ಲಾ ಒಂದೇ ಲಾರಿಗೆ ಸುರೀತಾರೆ ಅಂತ ಹೇಳೋರಿದ್ದಾರೆ. ಕೆಲವು ಕಡೆ ಹಾಗೆ ಆಗೋದನ್ನ ನಾನೂ ನೋಡಿದೀನಿ, ಸುಳ್ಳು ಅನ್ನಲ್ಲ. ಆದ್ರೆ ನಮ್ಮ ಆಟೋ ಡ್ರೈವರಣ್ಣ ಮುಂಚೆ ಬೆಂಗಳೂರಿನ ಹೊರಗಿರೋ ಮಂಡೂರಿಗೆ ಕಸದ ಲಾರಿ ಓಡಿಸ್ತಿದ್ದೋರು. ಊರಿನ ಕಸ ಎಲ್ಲಾ ಬೆರೆಸಿ ಅಲ್ಲಿ ಗುಡ್ಡ ಮಾಡಿದ್ದು, ಅದರಿಂದ ಇಳಿಯೋ ಕಪ್ಪು ನೀರು, ಊಟದ ತಟ್ಟೆ ಮೇಲೆ ನೊಣ, ಇದನ್ನೆಲ್ಲಾ ಕಣ್ಣಾರೆ ಕಂಡೋರು. ಹಾಗೇ ಕಸ ಸುರೀತಿದ್ದ ಇನ್ನೊಂದು ಊರು ಮಾವಳ್ಳಿಪುರದಲ್ಲಿ 2012ರಲ್ಲಿ ಸುರಿಯೋದು ನಿಲ್ಲಿಸಿದ್ರು, ಮಂಡೂರಿನ ಜನ 2014ರಲ್ಲಿ ಬೀದಿಗಿಳಿದು ಡಿಸೆಂಬರ್ 1ರಿಂದ ಲಾರಿ ಬಂದ್ ಮಾಡಿಸಿದ್ರು. ನಾವು ಬೇರೆ ಮಾಡ್ದೇ ಇದ್ದಷ್ಟೂ ಇನ್ನೊಂದು ಊರು ಹುಡುಕ್ತಾರೆ, ಅಲ್ಲೂ ಮನೆಗಳಿರ್ತವೆ, ಬಾವಿ ಇರುತ್ತೆ. ಡ್ರೈವರಣ್ಣ ಯಾವ ಮನೇಲೂ ಬೆರೆಸಿದ ಕಸ ಮುಟ್ಟಲ್ಲ, ಅದಕ್ಕೆ ಜಗಳ ಆಡಿದ್ದೂ ಉಂಟು.

ಸೂಜಿ ಯಾರ ಮನೇದು ಅಂತ ಪತ್ತೆ ಮಾಡ್ಬೇಕು ಅಂತ ನಂಗಿರ್ಲಿಲ್ಲ, ಆದ್ರೆ ಮತ್ತೆ ಬರ್ತಾನೇ ಇರುತ್ತಲ್ಲ ಅನ್ನೋ ಭಯ. ಆವತ್ತಿನ ಲೋಡು ಮೂರು ಕ್ರಾಸಿಂದು ಅಂತ ಡ್ರೈವರಣ್ಣ ಹೇಳಿದ್ರು. ಪ್ರತಿ ಮನೇಲೂ ನಿಂತು ಮನೇಲಿ ಶುಗರ್ ಇಂಜೆಕ್ಷನ್ ತಗೋಳೋರು ಇದ್ದಾರಾ, ಸೂಜಿನ ದಪ್ಪ ಪ್ಲಾಸ್ಟಿಕ್ ಬಾಟಲಲ್ಲಿ ಹಾಕಿ ಮುಚ್ಚಳ ಬಿಗಿಯಾಗಿ ತಿರುಗಿಸಿ ಬೇರೆ ಕೊಡಿ ಅಂತ ಹೇಳ್ತಾ ಹೋದೆ. ನಾಲ್ಕನೇ ದಿನ ಒಬ್ರು ತಾತ ಗೇಟ್ ಹತ್ರ ಕಾಯ್ತಾ ನಿಂತಿದ್ರು. "ಬಿಸ್ಕತ್ ಪ್ಯಾಕೆಟ್ಟಲ್ಲಿ ಇತ್ತಾ?" ಅಂತ ಅವ್ರೇ ಕೇಳಿದ್ರು. ಹೌದು ಅಂದೆ. ಯಾರಿಗೂ ಚುಚ್ಚಬಾರ್ದು ಅಂತಾನೇ ಅವರು ಪ್ಯಾಕೆಟ್ಟಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ರಂತೆ. ಎಂಟು ವರ್ಷದಿಂದ ಇಂಜೆಕ್ಷನ್ ತಗೋತಿದೀನಿ ಕಣಯ್ಯ, ಬರ್ಕೊಟ್ಟೋರೂ ಹೇಳ್ಲಿಲ್ಲ, ಮಾರಿದೋರೂ ಹೇಳ್ಲಿಲ್ಲ ಎಲ್ಲಿಗೆ ಹಾಕ್ಬೇಕು ಅಂತ, ಅಂದ್ರು. ನಾನೂ ಹೇಳಿರ್ಲಿಲ್ಲ. ನಮ್ಮ ಕರಪತ್ರದ ಆ ನಲವತ್ತರಲ್ಲಿ ಸೂಜಿ ಇರ್ಲೇ ಇಲ್ಲ.

ಮುಂದಿನ ವಾರದಿಂದ ಫಿನಾಯಿಲ್ ಬಾಟಲಲ್ಲಿ ಕೊಡೋಕೆ ಶುರು ಮಾಡಿದ್ರು, ಮೇಲೆ ದೊಡ್ಡಕ್ಷರದಲ್ಲಿ ಸೂಜಿ ಇದೆ ಎಚ್ಚರ ಅಂತ ಬರೆದಿದ್ರು. ನಮ್ಮಲ್ಲಿ ಇಬ್ರಿಗೆ ಬಿಟ್ರೆ ಮಿಕ್ಕೋರಿಗೆ ಓದೋಕೆ ಬರಲ್ಲ ತಾತ ಅಂತ ಹೇಳ್ದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಒಳಗೆ ಹೋಗಿ ಕೆಂಪು ದಾರ ತಂದು ಬಾಟಲ್ ಕುತ್ತಿಗೆಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ್ರು. ಈಗ ಆ ಮೂರು ಕ್ರಾಸಲ್ಲಿ ಐದಾರು ಮನೆಯವ್ರು ಹಾಗೇ ಕೆಂಪು ದಾರ ಕಟ್ಟಿ ಕೊಡ್ತಾರೆ, ಬ್ಲೇಡಿಗೂ ಅದೇ, ಒಡೆದ ಬಲ್ಬಿಗೂ ಅದೇ. ದೊಡ್ಡಮ್ಮ ದಾರ ಕಂಡ ತಕ್ಷಣ ಅದನ್ನ ಎತ್ತಿ ಪಕ್ಕದ ಡ್ರಮ್ಮಿಗೆ ಇಡ್ತಾರೆ, ಆಮೇಲೆ ಗ್ಲೌಸ್ ಬಿಚ್ಚಿ ಕವರ್‌ಗಳ ರಾಶಿಗೆ ಕೈ ಹಾಕ್ತಾರೆ.