ಬಟ್ಟಲು ತೇಲಿದ್ದೇಕೆ?

14 ಜುಲೈ 2019, ಭಾನುವಾರ

ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ಬೆಳಿಗ್ಗೆ ಮಗಳಿಗೆ ಅವಸರದಲ್ಲಿ ಹೇಳಿದ ಮಾತು ದಿನವಿಡೀ ಮನಸ್ಸನ್ನು ಕೊರೆಯಿತು. ಅವಳು ಅಷ್ಟರಲ್ಲೇ ಬಕೆಟ್ಟಿನ ನೀರಿಗೆ ಬೀಗದ ಕೈಯನ್ನು ಹಾಕಿ, ಅದು ತಳ ಸೇರಿದ್ದನ್ನು ಕಂಡು, ಮೇಲೆ ಸ್ಟೀಲಿನ ಬಟ್ಟಲೊಂದನ್ನು ತೇಲಿಬಿಟ್ಟಿದ್ದಳು. “ಅಮ್ಮಾ, ಬಟ್ಟಲೇ ಅಲ್ವಾ ಹೆಚ್ಚು ಭಾರ?” ಎಂದಳು. ಶಾಲೆಯಲ್ಲಿ ನೀರಿಗೆ ಬಿದ್ದ ವಸ್ತು ಎಷ್ಟು ನೀರನ್ನು ಸರಿಸುತ್ತದೋ ಅಷ್ಟು ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ಬಾಯಿಪಾಠ ಮಾಡಿ ಬರೆದಿದ್ದೆನಾದರೂ ನೀರು ಏಕೆ ಹಾಗೆ ತಳ್ಳುತ್ತದೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಸಂಜೆ ಇಬ್ಬರೂ ಮತ್ತೆ ಬಕೆಟ್ಟಿನ ಮುಂದೆ ಕುಳಿತೆವು. ಖಾಲಿ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಕೆಳಕ್ಕೆ ಒತ್ತಲು ಹೇಳಿದೆ. ಒತ್ತಿದಷ್ಟೂ ನೀರಿನ ಮಟ್ಟ ಏರಿತು, ಕೈಗೆ ಎದುರೊತ್ತು ಬಲವಾಯಿತು. ಈಗ ಬಟ್ಟಲು ಕುಳಿತಿರುವ ಜಾಗದಲ್ಲಿ ಮೊದಲು ಇದ್ದದ್ದೂ ನೀರೇ. ಆ ನೀರು ಕೆಳಕ್ಕೆ ಇಳಿಯದೆ, ಮೇಲಕ್ಕೂ ಏಳದೆ ಸುಮ್ಮನೆ ನಿಂತಿತ್ತೆಂದರೆ, ಸುತ್ತಲಿನ ನೀರು ಅದರ ತೂಕವನ್ನು ಸರಿಸಮನಾಗಿ ಹೊತ್ತಿತ್ತು. ಆ ಜಾಗಕ್ಕೆ ಬಟ್ಟಲು ಬಂದರೂ ಕೀಲಿ ಬಂದರೂ ಸುತ್ತಲಿನ ನೀರು ಹೊರುವುದು ಅಷ್ಟನ್ನೇ, ಅಂದರೆ ಜಾಗ ಬಿಟ್ಟ ನೀರಿನ ತೂಕದಷ್ಟನ್ನು. ಇದನ್ನು ಹೇಳುವಾಗ ಅವಳಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

ಬಟ್ಟಲನ್ನು ತಕ್ಕಡಿಯಲ್ಲಿಟ್ಟೆವು: 120 ಗ್ರಾಂ. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ, 120 ಮಿಲಿಲೀಟರ್ ನೀರನ್ನು ಸರಿಸುವಷ್ಟು ಆಳಕ್ಕೆ ಇಳಿದೊಡನೆ ಬಟ್ಟಲು ನಿಲ್ಲುತ್ತದೆ. ಆಮೇಲೆ ಅವಳು ಅದರ ಅಂಚನ್ನು ವಾಲಿಸಿದಳು; ನೀರು ಒಳನುಗ್ಗಿ, ಬಟ್ಟಲು ಒಮ್ಮೆ ಓಲಾಡಿ, ತಳಕ್ಕೆ ಬಡಿದ ಸದ್ದು ಕೇಳಿತು. ಸ್ಟೀಲು ನೀರಿನ ಸುಮಾರು ಎಂಟು ಪಟ್ಟು ಸಾಂದ್ರವಾದ್ದರಿಂದ, ಒಳಗಿನ ಗಾಳಿ ಹೋದ ಮೇಲೆ ಆ 120 ಗ್ರಾಂ ಲೋಹ ಸರಿಸಬಲ್ಲದ್ದು ಕೇವಲ 15 ಮಿಲಿಲೀಟರ್ ನೀರನ್ನು. ಬೆಳಗಿನ ಕೀಲಿಯದೂ ಇದೇ ಕಥೆ, ಅದರಲ್ಲಿ ಗಾಳಿಗೆ ಎಡೆಯೇ ಇಲ್ಲ. ಸಾವಿರಾರು ಟನ್ ಉಕ್ಕಿನ ಹಡಗನ್ನು ಕಾಯುವುದೂ ಆ ಟೊಳ್ಳೇ. ಕಡಲ ನೀರು ಸಿಹಿನೀರಿಗಿಂತ ಸುಮಾರು ಶೇಕಡ 2.5ರಷ್ಟು ಸಾಂದ್ರವಾಗಿರುವುದರಿಂದ, ಕಡಲಿನಿಂದ ನದಿಗೆ ಬಂದ ಹಡಗು ತುಸು ಹೆಚ್ಚು ಮುಳುಗುತ್ತದೆ. ಇದನ್ನು ಲೆಕ್ಕ ಹಿಡಿಯಲೆಂದೇ ಸರಕು ಹಡಗುಗಳ ಪಕ್ಕೆಯ ಮೇಲೆ ಎರಡು ಬಗೆಯ ನೀರಿಗೂ ಬೇರೆಬೇರೆ ಗೆರೆಗಳಿರುತ್ತವೆ.

ಮಲಗುವ ಹೊತ್ತಿಗೆ ಅವಳು ಇನ್ನೊಂದು ಕೇಳಿದಳು: ಮಂಜುಗಡ್ಡೆಯೂ ನೀರೇ ತಾನೆ, ಅದೇಕೆ ತೇಲಬೇಕು? ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ, ಹೆಪ್ಪುಗಟ್ಟುವಾಗ ಅದರ ಅಣುಗಳು ಒಂದಕ್ಕೊಂದು ದೂರ ನಿಲ್ಲುವ ಜೋಡಣೆಗೆ ಬರುವುದರಿಂದ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ ಎಂದೆ. ಸರೋವರಗಳು ಮೇಲಿನಿಂದ ಹೆಪ್ಪುಗಟ್ಟುವುದೂ, ಆ ಪದರದ ಕೆಳಗೆ ಮೀನುಗಳು ಚಳಿಗಾಲ ಕಳೆಯುವುದೂ ಇದರಿಂದಲೇ. ಅವಳು ನಂಬಲಿಲ್ಲ. ನಂಬಬೇಕೆಂದು ಒತ್ತಾಯಿಸುವ ಮನಸ್ಸು ನನಗೂ ಆಗಲಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಂದರ ಅರ್ಧದವರೆಗೆ ನೀರು ಹಾಕಿ, ಮಟ್ಟದ ಗುರುತಿಗೆ ಅವಳ ಕೈಯಿಂದಲೇ ಹೊರಗೆ ಗೀಟೆಳೆಸಿ, ಫ್ರೀಜರ್‌ನಲ್ಲಿ ಇಟ್ಟಿದ್ದೇವೆ. ಗೀಟು ಸ್ವಲ್ಪ ಸೊಟ್ಟಗಿದೆ. ನಾಳೆ ಅಳೆಯುವಾಗ ಅದರ ಯಾವ ತುದಿಯಿಂದ ಶುರುಮಾಡಬೇಕೋ ಗೊತ್ತಿಲ್ಲ.