ನೊಣಕ್ಕೂ ನೀರಡಿಕಿ

ಹುಬ್ಬಳ್ಳ್ಯಾಗ ಬಿಸಿಲು ಜೋರೈತಿ, ನಳಾ ಬರೂದು ದಿನಾ ಬಿಟ್ಟು ದಿನಾ. ಆಪೂಸಿನ ಬುಟ್ಟಿ ಸುತ್ತ ಹಾರಾಡೂ ಸಣ್ಣ ಹಣ್ಣಿನ ನೊಣ ಒಂದು, ಹಣ್ಣು ಬಿಟ್ಟು ನೀರಿನ ಕೊಡದ ಅಂಚಿಗೆ ಬಂದು ಕುಂತು, ಸೊಂಡಿಲು ಚಾಚಿ ಒಂದು ಹನಿ ನೀರು ಹೀರಾಕತ್ತಿತ್ತು.

ಅದರ ಮಿದುಳು ಗಸಗಸಿ ಕಾಳಿನಷ್ಟು. ಅದರಾಗಿನ ಬರೇ ನಾಕು ನರಕೋಶ ಹಸಿವು, ನೀರಡಿಕಿ ಎರಡನ್ನೂ ತೂಗ್ತಾವು ಅಂತ 2016ರಾಗ ಅಮೆರಿಕಾದ ಬರ್ಕಲಿ ವಿಶ್ವವಿದ್ಯಾಲಯದ ವಿಜ್ಞಾನಿ ಕ್ರಿಸ್ಟಿನ್ ಸ್ಕಾಟ್ ಅವರ ತಂಡ ತೋರಿಸ್ತು. ಮೈಯಾಗ ನೀರು ಕಡಿಮಿ ಆಗಿ ಒಳಗಿನ ದ್ರವ ದಟ್ಟ ಆತಂದ್ರ ಈ ಕೋಶಗಳು ತಣ್ಣಗಾಗ್ತಾವು, ನೊಣ ಹೆಚ್ಚು ನೀರು ಕುಡಿತೈತಿ. ಹಸಿದಾಗ ಒಂದು ಹಾರ್ಮೋನು ಬಂದು ಅವನ್ನ ಎಬ್ಬಿಸ್ತೈತಿ. ಆಗ ಸಿಹಿ ಮ್ಯಾಲೆ ಮನಸ್ಸು, ನೀರು ಹಿಂದಕ್ಕ. ಒಂದೇ ತಕ್ಕಡಿ, ಎರಡು ತಟ್ಟಿ!

ಗಾಳಿಯಾಗಿನ ತೇವ ಗುರುತಿಸಾಕ ಮೀಸಿ ಐತಿ. ಬಾಯಿ ತುದಿಗೆ ನೀರಿನ ರುಚಿಗಂತನ ಮೀಸಲಾದ ಕೋಶ ಅದಾವು, ಸಕ್ಕರಿ ಕೋಶ ಬ್ಯಾರೆ. ಇದನ್ನ ಓದಿದಾಗಿಂದ ನನಗ ಭಾಳ ಬೆರಗು.

ಉರಿಬಿಸಿಲಾಗ ತಿರುಗಿ ಮನಿಗೆ ಬಂದ್ರ ನಮಗೂ ರೊಟ್ಟಿ ನೆನಪಾಗೂದಿಲ್ಲ, ಮೊದಲ ತಂಬಿಗಿ ನೀರು ಬೇಕು. ಇಷ್ಟು ಸಣ್ಣ ಜೀವದಾಗೂ ಇದೇ ಲೆಕ್ಕಾಚಾರ ನಡದೈತಿ ಅಂತ ತಿಳಿದ ಮ್ಯಾಲೆ ಅದನ್ನ ಕೈ ಬೀಸಿ ಓಡಸಾಕ ಮನಸ್ಸು ಬರವಲ್ದು.